ಅನುಮಾನದ ಪಾಠ

ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಜಗಳ ತೆಗೆದವರು ಅದನ್ನು ಮುಗಿಸದೆ ಏಳುವಂತಿರಲಿಲ್ಲ. ಇದು ಅಪ್ಪ ಮಾಡಿದ ಕಟ್ಟಳೆಯಲ್ಲ, ಅವ್ವನದೂ ಅಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ನೀಲತ್ತಿಯದು. ಶಹಾಬಾದಿನ ಆ ಮನೆಯಲ್ಲಿ ನೆಲಕ್ಕೆ ಹಾಸಿದ್ದೂ ಫರಸಿ ಕಲ್ಲು, ಮಾಳಿಗೆಗೆ ಹೊದಿಸಿದ್ದೂ ಫರಸಿ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೂ ಫರಸಿ. ಖಣಿಯಲ್ಲಿ ಕಲ್ಲು ಒಡೆಯುವವರ ಸುತ್ತಿಗೆಯ ಸದ್ದು ಬೆಳಗಿನಿಂದ ಸಂಜೆಯ ತನಕ ಕೇಳುತ್ತಿತ್ತು. ಅದು ನಡುವೆ ನಿಂತರೆ ಯಾರಿಗೋ ಪೆಟ್ಟಾಗಿದೆ ಎಂದು ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲೊಂದು ಕತ್ತಲ ಕೋಣೆ, ಆಮೇಲೆ ಹಿತ್ತಲು. ಮನೆ ಎಂದರೆ ಇಷ್ಟೇ. ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲು ಇರಲಿಲ್ಲ. ಅವ್ವನ ಹಳೆಯ ಸೀರೆಯೊಂದನ್ನು ಪರದೆಯಾಗಿ ಇಳಿಬಿಟ್ಟಿದ್ದರು. ಆಚೆ ಆಡಿದ ಮಾತೆಲ್ಲ ಈಚೆಗೆ ಕೇಳುತ್ತಿತ್ತು.

ನೀಲತ್ತಿ ಅಪ್ಪನ ಅಕ್ಕ. ಅವಳನ್ನು ಚಿಂಚೋಳಿ ಕಡೆಯ ಕುಂಚಾವರಂಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಅಕ್ಕ ಅಲ್ಲಿ ಒಬ್ಬಳೇ ಇರುವುದು ಬೇಡವೆಂದು ಅಪ್ಪ ಕರೆದುಕೊಂಡು ಬಂದಿದ್ದರು. ಗಂಡ ಹೇಗೆ ತೀರಿಕೊಂಡ ಎಂಬುದನ್ನು ನಮ್ಮ ಮುಂದೆ ಯಾರೂ ಆಡುತ್ತಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಾಡಂಚಿನ ಆ ಊರಿನಲ್ಲಿ ಬಾಳಿದ್ದರಿಂದ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ನಾವು ‘ಯಾಕೆ’ ಅನ್ನುವ ಕಡೆಯೆಲ್ಲ ಅವಳು ‘ಎಂದುಕು’ ಅನ್ನುತ್ತಿದ್ದಳು. ಮಜ್ಜಿಗೆಗೆ ಉಪ್ಪು ಹಾಕುವುದು ಎಂದುಕು, ಶಿಕ್ಷಕರು ಹೊಡೆದದ್ದು ಎಂದುಕು, ಅವರು ಹೊಡೆದದ್ದನ್ನು ನೀನು ಮನೆಯಲ್ಲಿ ಮುಚ್ಚಿಟ್ಟದ್ದು ಎಂದುಕು. ನನ್ನ ತಮ್ಮ ಮಲ್ಲು ಅವಳನ್ನು ‘ಎಂದುಕು ಅತ್ತಿ’ ಎಂದೇ ಕರೆಯುತ್ತಿದ್ದ. ಅವಳಿಗೆ ಅದರಿಂದ ಬೇಸರವಾದದ್ದನ್ನು ನಾನು ನೋಡಲಿಲ್ಲ.

ಹಂಚಿನಿಂದ ಇಳಿಯುವ ಮೊದಲ ರೊಟ್ಟಿಗಾಗಿ ನನಗೂ ಮಲ್ಲುಗೂ ದಿನಾ ಜಗಳ. ನಾನು ದೊಡ್ಡವಳೆಂದು ನನ್ನ ವಾದ. ಅವನಿಗೆ ಹಸಿವು ಹೆಚ್ಚೆಂದು ಅವನ ವಾದ. ಅವ್ವನಾದರೆ ಇಬ್ಬರ ತಲೆಗೂ ಒಂದೊಂದು ಮೊಟಕಿ ಮುಗಿಸುತ್ತಿದ್ದಳು. ಅತ್ತಿ ರೊಟ್ಟಿಯನ್ನು ಬುಟ್ಟಿಯಲ್ಲಿ ಇಟ್ಟು, ಅದರ ಮೇಲೆ ಕೈ ಮುಚ್ಚಿ ಹೇಳುತ್ತಿದ್ದಳು:

“ಶಾಂತಾ, ಈಗ ನೀ ಮಲ್ಲುನ ಬಾಯಿಲೆ ಹೇಳು. ಅವನಿಗಿ ಯಾಕ ಮೊದಲ ಕೊಡಬೇಕು? ‘ಹೌದು, ನಾ ಅನ್ನಬೇಕಂದಿದ್ದು ಇದೇ’ ಅಂತ ಅವ ಒಪ್ಪಬೇಕು. ಆಮ್ಯಾಲ ಮಲ್ಲು ನಿನ್ನ ಬಾಯಿಲೆ ಹೇಳ್ತಾನ. ಅಲ್ಲಿತನಕ ಯಾರಿಗೂ ರೊಟ್ಟಿ ಇಲ್ಲ.”

ನಾನು ಬೇಕೆಂದೇ ಅವನ ಪರವಾಗಿ ಸಪ್ಪೆಯಾದ ಕಾರಣ ಹೇಳುತ್ತಿದ್ದೆ. ಅವನು “ಹಂಗಲ್ಲ, ಹಂಗಲ್ಲ” ಎಂದು ಕೂಗುತ್ತಿದ್ದ. ಅತ್ತಿ ಕೈ ತೆಗೆಯುತ್ತಿರಲಿಲ್ಲ. ಒಮ್ಮೆ ಹಸಿವು ತಡೆಯದೆ ನಿಜವಾಗಿ ಯೋಚಿಸಿದೆ. ಮಲ್ಲು ಮೆಲ್ಲಗೆ ತಿನ್ನುತ್ತಾನೆ, ಅವನಿಗೆ ಮೊದಲು ಕೊಟ್ಟರೆ ಇಬ್ಬರೂ ಒಟ್ಟಿಗೆ ಎದ್ದು ಶಾಲೆಗೆ ಹೋಗಬಹುದು, ಇಲ್ಲವಾದರೆ ನಾನೇ ಅವನಿಗಾಗಿ ಬಾಗಿಲಲ್ಲಿ ಕಾಯಬೇಕಾಗುತ್ತದೆ ಎಂದೆ. ಮಲ್ಲು ಬಾಯಿ ತೆರೆದು ನನ್ನನ್ನೇ ನೋಡಿದ. ಇದು ಅವನಿಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ರೊಟ್ಟಿ ಆರಿಹೋಗಿತ್ತು. ಅತ್ತಿ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡು, ಮುಂದಿನ ಬಿಸಿ ರೊಟ್ಟಿಯನ್ನು ಮುರಿದು ಇಬ್ಬರಿಗೂ ಅರ್ಧರ್ಧ ಕೊಟ್ಟಳು. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದ ಮೇಲೆಯೇ ಅದನ್ನು ಅಲ್ಲಗಳೆಯುವ ಹಕ್ಕು ಬರುತ್ತದೆ ಎಂದು ಮುಂದೆ ಎಷ್ಟೋ ಪುಸ್ತಕಗಳಲ್ಲಿ ಓದಿದೆ. ಹಸಿದ ಹೊಟ್ಟೆಯಲ್ಲಿ ಕೂರಿಸಿ ಅದನ್ನು ಮಾಡಿಸಿದವರು ಮತ್ತೆ ಯಾರೂ ಸಿಗಲಿಲ್ಲ.

ಅಪ್ಪನ ಪಾಠ ಬೇರೆ ಬಗೆಯದು. ಅವರು ಊರಿನ ಹೈಸ್ಕೂಲಿನಲ್ಲಿ ಮಾಸ್ತರು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು. ಪೂಜೆ ಮುಗಿದ ಕೂಡಲೇ ನನ್ನನ್ನು ಎದುರು ನಿಲ್ಲಿಸಿಕೊಳ್ಳುತ್ತಿದ್ದರು. ತರ್ಕಶಾಸ್ತ್ರದಲ್ಲಿ ಪ್ರಮಾಣ ಎಂದರೇನು, ಪ್ರತ್ಯಕ್ಷ ಎಂದರೇನು, ಅದರ ಲಕ್ಷಣ ಏನು. ಕೈಕಟ್ಟಿಕೊಂಡು ಒಂದು ಅಕ್ಷರ ತಪ್ಪದೆ ಒಪ್ಪಿಸಬೇಕು. ನಾನು ಒಪ್ಪಿಸುತ್ತಿದ್ದೆ. ಅರ್ಥ ಕೇಳಿದರೆ ಅವರ ಹುಬ್ಬು ಗಂಟಾಗುತ್ತಿತ್ತು. “ಮೊದಲ ಬಾಯಿಪಾಠ ಆಗಲಿ, ಅರ್ಥ ತಾನೇ ಬರ್ತದ” ಎನ್ನುತ್ತಿದ್ದರು. ಅವರು ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ತತ್ವಶಾಸ್ತ್ರ ಓದಿ ಬಂದವರು. ಓದಿದ್ದೆಲ್ಲ ಉರ್ದುವಿನಲ್ಲಿ. ಬಲದಿಂದ ಎಡಕ್ಕೆ ಬರೆದ ಅವರ ನೋಟುಬುಕ್ಕುಗಳು ಕತ್ತಲ ಕೋಣೆಯ ಟ್ರಂಕಿನಲ್ಲಿದ್ದವು. ನಮ್ಮ ಸೀಮೆ ಮೈಸೂರಿಗೆ ಸೇರಿ ಶಾಲೆಗಳೆಲ್ಲ ಕನ್ನಡವಾದ ಮೇಲೆ ಅಪ್ಪ ಎಲ್ಲಿಂದಲೋ ಒಂದು ಕನ್ನಡದ ತರ್ಕದ ಪುಸ್ತಕ ತರಿಸಿ, ನಾನು ಕಲಿಯುವಂತೆಯೇ ಅದನ್ನು ಬಾಯಿಪಾಠ ಮಾಡಿಕೊಂಡರು. ಅವರ ಬಿಗಿಯನ್ನು ನಾನು ಪಾಂಡಿತ್ಯ ಎಂದುಕೊಂಡಿದ್ದೆ. ಅವರಂತೆ ಆಗಬೇಕು ಎಂಬುದೇ ನನ್ನ ಆಸೆಯಾಗಿತ್ತು.

ಸಂಜೆ ಹೊತ್ತು ಕಾಲೇಜಿಗೆ ಹೋಗುವ ಐದಾರು ಹುಡುಗರು ತರ್ಕದ ಪಾಠಕ್ಕೆ ನಮ್ಮ ಪಡಸಾಲೆಗೆ ಬರುತ್ತಿದ್ದರು. ನನಗಾಗ ಹದಿಮೂರು ವರ್ಷ. ಅಪ್ಪನ ಪಕ್ಕದಲ್ಲಿ ಕೂತು, ಅವರು ಕೇಳಿದಾಗ ಲಕ್ಷಣ ಒಪ್ಪಿಸುವುದು ನನ್ನ ಕೆಲಸ. ಕಾಲೇಜಿನ ಹುಡುಗರಿಗೆ ಬಾರದ್ದು ನನಗೆ ಬರುತ್ತಿತ್ತು. ಅದರ ಸೊಕ್ಕು ಕಡಿಮೆಯದಲ್ಲ. ಮಳೆಗಾಲದ ಒಂದು ಸಂಜೆ ಅಪ್ಪ ಅನುಮಾನದ ಪಾಠ ಮಾಡುತ್ತಿದ್ದರು. ಕಾಗಿಣಾ ಹೊಳೆಯಲ್ಲಿ ಕೆಂಪು ನೀರು ತುಂಬಿ ಬಂದರೆ ಮೇಲಿನ ಸೀಮೆಯಲ್ಲಿ ಮಳೆಯಾಗಿದೆ ಎಂದು ತಿಳಿಯುತ್ತೇವೆ, ಇದೇ ಅನುಮಾನ, ಇದರಿಂದ ಹುಟ್ಟುವುದು ನಿಶ್ಚಿತವಾದ ಜ್ಞಾನ ಎಂದು ಹೇಳುತ್ತಿದ್ದಾಗ ಪರದೆಯ ಆಚೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಗುರಪ್ಪಾ, ಒಂದ್ ಮಾತು ಕೇಳ್ಲೇನು?” ಎಂದಳು ಅತ್ತಿ. “ಅನುಮಾನ ಅಂದ್ರ ಸಂಶಯ ಅಲ್ಲೇನು? ಸಂಶಯದಿಂದ ಖರೆ ಹ್ಯಾಂಗ ಗೊತ್ತಾಗ್ತದ?”

ಹುಡುಗರು ನಕ್ಕರು. ಅಪ್ಪ ಪರದೆಯ ಕಡೆ ತಿರುಗಿ, “ಶಾಸ್ತ್ರದಾಗ ಅದಕ್ಕ ಬ್ಯಾರೆ ಅರ್ಥ ಅದ, ಅಕ್ಕಾ. ಒಂದು ಕಂಡು ಇನ್ನೊಂದು ತಿಳಕೊಳ್ಳೋದು” ಎಂದರು.

“ಆತು. ಹೊಳಿ ಕಂಡು ಮಳಿ ತಿಳಕೊಂಡ್ರಿ. ಆದ್ರ ಮಳಿ ಇಲ್ಲದೇನೂ ನೀರು ಬರ್ತದಲ್ಲ? ಮ್ಯಾಲ ಕೆರಿ ಒಡ್ಡು ಒಡದ್ರ ಬರ್ತದ. ಮೋಡ ಒಂದೂ ಇರಂಗಿಲ್ಲ, ನೀರು ಬರ್ತದ. ಅದಕ್ಕ ನಿನ್ನ ಪುಸ್ತಕ ಏನ್ ಹೇಳ್ತದ?”

ಅಪ್ಪ ಬಾಯಿ ತೆರೆದರು. ಏನೋ ಹೇಳಹೊರಟು ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು. ಹುಡುಗರು ಈಗ ನಗುತ್ತಿರಲಿಲ್ಲ. ಮಾಸ್ತರು ಏನು ಹೇಳುತ್ತಾರೆಂದು ಅವರ ಮುಖವನ್ನೇ ನೋಡುತ್ತಿದ್ದರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಕೊನೆಗೆ ಅವರು ನನ್ನ ಕಡೆ ತಿರುಗಿ, “ಶಾಂತಾ, ಅನುಮಾನದ ಲಕ್ಷಣ ಹೇಳು” ಎಂದರು. ನಾನು ಎದ್ದು ನಿಂತು ಗಟ್ಟಿ ದನಿಯಲ್ಲಿ ಪೂರ್ತಿ ಒಪ್ಪಿಸಿದೆ. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಅಪ್ಪನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಪರದೆಯ ಕಡೆ ಮುಖ ಮಾಡಿ ಹೇಳಿದೆ:

“ಅತ್ತೀ, ಮಳಿ ಇಲ್ಲದ ನೀರು ಬಂದಿದ್ದು ನೀ ಎಲ್ಲಿ ನೋಡೀದಿ? ಓದಾಕ ಬರಂಗಿಲ್ಲ, ಬರಿಯಾಕ ಬರಂಗಿಲ್ಲ. ಸುಮ್ಮ ರೊಟ್ಟಿ ಬಡಿ.”

ಹುಡುಗರು ಹೋ ಎಂದು ನಕ್ಕರು. ಅತ್ತಿ ಪರದೆ ಸರಿಸಿದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಸಿಟ್ಟಿನ ಮುಖವಲ್ಲ ಅದು. ನನ್ನನ್ನು ನೋಡಿ, “ನೋಡೀನವ್ವಾ” ಎಂದಳು. ಅಷ್ಟೇ. ಪರದೆ ಮತ್ತೆ ಇಳಿಯಿತು.

ಹುಡುಗರು ಹೋದ ಮೇಲೆ ಅಪ್ಪ ನನ್ನನ್ನು ಮೆಚ್ಚಿ ಎರಡು ಮಾತಾಡುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡದೆ ಹಿತ್ತಲಿಗೆ ಹೋದರು. ಅತ್ತಿಯೂ ಚರಿಗೆಯಲ್ಲಿ ನೀರು ತೆಗೆದುಕೊಂಡು ಹಿಂದೆಯೇ ಹೋದಳು. ಅವಳನ್ನು ಬೈಯಲು ಕರೆದಿರಬೇಕು ಎಂದುಕೊಂಡೆ. ಅವ್ವ ಮಾತ್ರ ನನ್ನ ರಟ್ಟೆ ಹಿಡಿದು, “ನಿನಗ ಬುದ್ಧಿ ಅದ ಏನು?” ಎಂದವಳು, ಯಾಕೆ ಎಂದು ನಾನು ಕೇಳಿದಾಗ ಉತ್ತರ ಕೊಡದೆ ಕೈ ಬಿಟ್ಟಳು.

ಮರುದಿನ ಊಟಕ್ಕೆ ಕೂತಾಗ ನಾನೂ ಮಲ್ಲುವೂ ಎಂದಿನಂತೆ ಮೊದಲ ರೊಟ್ಟಿಗೆ ಜಗಳವಾಡಿದೆವು. ಅತ್ತಿ ಏನೂ ಅನ್ನದೆ ರೊಟ್ಟಿಯನ್ನು ಮಲ್ಲುವಿನ ತಟ್ಟೆಗೆ ಹಾಕಿ, ಮುಂದಿನದನ್ನು ನನಗೆ ಹಾಕಿದಳು. ಅದರ ಮರುದಿನವೂ ಹಾಗೆಯೇ. ಪುಂಡಿಪಲ್ಯ ಬಡಿಸುತ್ತಿದ್ದಳು, ಶೇಂಗಾದ ಹಿಂಡಿ ಬೇಕೇನು ಎಂದು ಕೇಳುತ್ತಿದ್ದಳು, ಜ್ವರ ಬಂದರೆ ಹಣೆ ಒತ್ತುತ್ತಿದ್ದಳು. ‘ಎಂದುಕು’ ಎಂಬ ಮಾತು ಮಾತ್ರ ಆ ಮನೆಯಿಂದ ಹೋಯಿತು. ಮಲ್ಲು ಒಂದೆರಡು ಸಲ, “ಅತ್ತೀ, ನಾ ಅಕ್ಕನ ಬಾಯಿಲೆ ಹೇಳ್ಲೇನು?” ಎಂದು ತಾನಾಗಿಯೇ ಕೇಳಿದ. “ಉಣ್ಣಪ್ಪಾ, ಸಾಲಿಗಿ ಹೊತ್ತಾಗ್ತದ” ಎಂದಳು. ಮುಂದಿನ ಬೇಸಿಗೆಯಲ್ಲಿ ಅವಳ ಗಂಡನ ಅಣ್ಣನ ಮಗ ಕುಂಚಾವರಂನಿಂದ ಬಂದು, ಮನೆಯಲ್ಲಿ ಬಾಣಂತಿಯಿದ್ದಾಳೆ, ದೊಡ್ಡವರು ಯಾರೂ ಇಲ್ಲ, ಕಾಕಿ ಬರಬೇಕು ಎಂದ. ಅತ್ತಿ ಎರಡು ಸೀರೆ ಗಂಟು ಕಟ್ಟಿಕೊಂಡು ಹೋದಳು. ಹೋಗುವಾಗ ನನ್ನ ಗಲ್ಲ ಹಿಡಿದು, “ಛಲೋ ಓದು” ಎಂದಳು. ನಾನು ಛಲೋ ಓದಿದೆ.

ಧಾರವಾಡದಲ್ಲಿ ಎಂ.ಎ. ಓದುವಾಗ, ನ್ಯಾಯಶಾಸ್ತ್ರದ ಹಳೆಯ ಗ್ರಂಥವೊಂದರಲ್ಲಿ ಅತ್ತಿಯ ಪ್ರಶ್ನೆ ನನಗೆ ಸಿಕ್ಕಿತು. ಹೊಳೆ ತುಂಬಿದ್ದನ್ನು ಕಂಡು ಮಳೆಯನ್ನು ತಿಳಿಯುವುದು ತಪ್ಪಾಗಬಹುದು, ನೀರಿಗೆ ಎಲ್ಲೋ ಅಡ್ಡಿಯಾದ್ದರಿಂದಲೂ ಹೊಳೆ ಏರಬಹುದಲ್ಲ ಎಂದು ಎದುರಾಳಿ ಅಲ್ಲಿ ಕೇಳುತ್ತಾನೆ. ಅವನನ್ನು ನೋಡಿ ಯಾರೂ ನಗುವುದಿಲ್ಲ. ಪ್ರಶ್ನೆ ಸರಿಯಿದೆ ಎಂದುಕೊಂಡೇ ಗ್ರಂಥಕಾರ ಉತ್ತರ ಹುಡುಕುತ್ತಾನೆ: ಬರೀ ನೀರು ಏರಿದ್ದನ್ನು ನೋಡಿದರೆ ಸಾಲದು, ಸೆಳವು ನೋಡಬೇಕು, ನೊರೆ ನೋಡಬೇಕು, ತೇಲಿ ಬರುವ ಎಲೆ ಕಟ್ಟಿಗೆ ನೋಡಬೇಕು. ಅಕ್ಷರ ಬಾರದ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತ ಕೇಳಿದ ಪ್ರಶ್ನೆ, ಅಷ್ಟು ಹಿಂದಿನವರು ಉತ್ತರ ಕೊಡಲೇಬೇಕು ಎಂದುಕೊಂಡ ಪ್ರಶ್ನೆಯಾಗಿತ್ತು. ಅಂದು ಗ್ರಂಥಾಲಯದಲ್ಲಿ ಆ ಪುಟವನ್ನು ಪೂರ್ತಿ ನಕಲು ಮಾಡಿಕೊಂಡೆ. ಕುಂಚಾವರಂಗೆ ಹೋಗಿ ಹೇಳಬೇಕು ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಸೇಡಂನಲ್ಲಿ ಕಾಲೇಜಿನ ನೌಕರಿ ಸಿಕ್ಕಿತು. ಮುಗಿಸಬೇಕಾದ ಸಿಲಬಸ್ಸು, ತಿದ್ದಬೇಕಾದ ಪೇಪರು. ನನ್ನ ನೋಟ್ಸ್ ಬರೆದುಕೊಂಡ ಮಕ್ಕಳು ಒಳ್ಳೆಯ ಅಂಕ ತೆಗೆಯುತ್ತಿದ್ದರು. ಅಕ್ಕಪಕ್ಕದ ಊರುಗಳಿಗೂ ಆ ನೋಟ್ಸ್ ಹೋಗುತ್ತಿತ್ತು. ಸೇಡಂನಿಂದ ಕುಂಚಾವರಂ ಎಷ್ಟು ದೂರ? ಎರಡು ಬಸ್ಸು. ಆ ಎರಡು ಬಸ್ಸು ಹತ್ತಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಅತ್ತಿಯ ಕಣ್ಣಿಗೆ ಪೊರೆ ಬಂದಿತ್ತು. ದನಿ ಕೇಳಿ ಗುರುತು ಹಿಡಿದಳು. ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು.

“ಏನ್ ಕಲಸ್ತಿ ಈಗ?”

“ತತ್ವಶಾಸ್ತ್ರ ಅತ್ತಿ. ಅಪ್ಪ ಕಲಸ್ತಿದ್ದರಲ್ಲ, ಅದೇ.”

“ಹುಡುಗ್ರು ಏನೇನ್ ಕೇಳ್ತಾರ?”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. “ಏನೂ ಕೇಳಂಗಿಲ್ಲ” ಎಂದೆ.

“ಏನೂ ಕೇಳದವರಿಗಿ ಏನ್ ಕಲಸ್ತಿ ಮತ್ತ?”

ಅವಳು ಚುಚ್ಚಲು ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದಳು. ನಾನು ಬಂದ ಕೆಲಸವನ್ನು ತಡಮಾಡಬಾರದೆಂದು, ಆ ಸಂಜೆ ನಾನಾಡಿದ ಮಾತು ನೆನಪಿದೆಯೇ ಎಂದು ಕೇಳಿದೆ.

“ನೆನಪಿಲ್ಲದ ಹ್ಯಾಂಗ? ಮೂರು ದಿನ ತುತ್ತು ಗಂಟಲದಾಗ ಇಳೀಲಿಲ್ಲ.” ಆಮೇಲೆ ಹೇಳಿದಳು: “ನಿಮ್ಮ ಮಾವ ಹಳ್ಳದಾಗ ಹೋದ್ರು. ಅವತ್ತು ಮುಂಜಾನಿ ನನಗ ಕೇಳಿದ್ರು, ‘ಹಳ್ಳ ದಾಟಿ ಹೊಲಕ್ಕ ಹೋಗ್ಲೇನು, ನೀರು ಗೀರು ಬಂದಾವ ಏನು’ ಅಂತ. ಮಾರಿ ಎತ್ತಿ ನೋಡಿದೆ, ಒಂದು ಮೋಡ ಇಲ್ಲ. ‘ಮಳಿ ಎಲ್ಲದ, ಹೋಗ್ರಿ’ ಅಂದೆ. ಮ್ಯಾಲ ಕೆರಿ ಒಡದಿತ್ತು. ನಡು ಹಳ್ಳದಾಗ ಇದ್ದಾಗ ನೀರು ಬಂತು. ನಾ ನಿಂತು ನೋಡೀನಿ.”

ಅವಳು ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದಳು.

“ನನ್ನ ಮಾತು ಕೇಳಿ ಹೋದ್ರು. ಅದು ನನ್ನ ತಪ್ಪೋ, ಅಲ್ಲೋ? ಯಾರಿಗಿ ಕೇಳಿದ್ರೂ ಶಿವನಿಚ್ಛಾ ಅಂತಾರ. ನಾ ಕೇಳಿದ್ದು ಶಿವಂದಲ್ಲ, ನಂದು. ನಿಮ್ಮಪ್ಪ ಹೊಳಿ ಮಾತು ತಗದಾಗ, ಇವನ ಪುಸ್ತಕದಾಗ ಇರಬೇಕು ಅಂತ ಕೇಳಿದೆ.”

“ಪುಸ್ತಕದಾಗ ಅದ ಅತ್ತೀ” ಎಂದೆ. ಓದಿದ್ದನ್ನೆಲ್ಲ ಹೇಳಿದೆ. ಅವಳು ತಲೆ ವಾಲಿಸಿ ಕೊನೆಯ ತನಕ ಕೇಳಿದಳು. ಸೆಳವು, ನೊರೆ, ತೇಲುವ ಕಟ್ಟಿಗೆ ಅನ್ನುವಾಗ ಅವಳ ಬೆರಳು ನನ್ನ ಅಂಗೈಯಲ್ಲಿ ಅಲುಗಿದವು.

“ಅದೆಲ್ಲ ನೀರು ಬಂದ ಮ್ಯಾಲ ನೋಡೋದು. ನಾ ಹೇಳಿದ್ದು ನೀರು ಬರೋಕಿಂತ ಮೊದಲ” ಎಂದಳು. ಆಮೇಲೆ, “ಇಷ್ಟರೆ ಕೇಳ್ಯಾರಲ್ಲ, ಛಲೋ ಆತು. ಇದನ್ನ ನೀ ಓದಿ ಎಷ್ಟು ದಿನ ಆತು?”

ಒಂಬತ್ತು ವರ್ಷ ಎಂದೆ. ಅವಳು ನನ್ನ ಕೈ ಬಿಡಲಿಲ್ಲ. ಆದರೆ ಮುಖವನ್ನು ಅಂಗಳದ ಕಡೆ ತಿರುಗಿಸಿದಳು.

ಹೊರಡುವಾಗ ಇನ್ನೊಂದು ಮಾತು ಹೇಳಿದಳು. ನನ್ನ ಮಾತಿಗೆ ನೊಂದದ್ದು ನಿಜ, ಪ್ರಶ್ನೆ ಕೇಳುವುದನ್ನು ಬಿಟ್ಟದ್ದು ಅದಕ್ಕಲ್ಲ. “ಅವತ್ತು ಹಿತ್ತಲದಾಗ ನಿಮ್ಮಪ್ಪ ಅತ್ತ. ‘ಅಕ್ಕಾ, ನೀ ಯಾಕ ಕೇಳ್ತಿ ನನಗ ಗೊತ್ತದ. ಉರ್ದುದಾಗ ಆಗಿದ್ರ ತಾಸುಗಟ್ಟಲೆ ಹೇಳ್ತಿದ್ದೆ. ಕನ್ನಡದಾಗ ನನ್ನ ಬಲ್ಲಿ ಮಾತಿಲ್ಲ. ಹುಡುಗ್ರ ಮುಂದ ಕೇಳಬ್ಯಾಡ’ ಅಂದ. ನನ್ನ ತಮ್ಮ ಅಳೋದು ನಾ ನೋಡಿದ್ದಿಲ್ಲ. ಅದಕ್ಕ ಬಿಟ್ಟೆ.”

ಸೇಡಂಗೆ ಹೋಗದೆ ನೇರವಾಗಿ ಶಹಾಬಾದಿಗೆ ಹೋದೆ. ಅಪ್ಪ ನಿವೃತ್ತರಾಗಿದ್ದರು. ಪಡಸಾಲೆಯಲ್ಲಿ ಅವರ ಎದುರು ಕೂತು, ಅತ್ತಿಯ ಪ್ರಶ್ನೆಗೆ ನಿಮ್ಮ ಉತ್ತರ ಏನಿತ್ತು, ಉರ್ದುವಿನಲ್ಲೇ ಹೇಳಿ ಎಂದು ಕೇಳಿದೆ. ಮೊದಲು ಒಲ್ಲೆ ಎಂದರು. ಆಮೇಲೆ ಮೆಲ್ಲಗೆ ಶುರು ಮಾಡಿದರು. ನನಗೆ ಬರುತ್ತಿದ್ದುದು ಬಜಾರಿನ ಉರ್ದು, ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೆ ಆ ಮನುಷ್ಯನನ್ನು ನಾನು ಹಿಂದೆ ಕಂಡಿರಲೇ ಇಲ್ಲ. ಕೈಯೆತ್ತಿ ಮಾತಾಡುತ್ತಿದ್ದರು, ತಾವೇ ಒಂದು ದಲೀಲು, ಅಂದರೆ ವಾದ, ಹೂಡಿ ತಾವೇ ಅದನ್ನು ಮುರಿದು ನಗುತ್ತಿದ್ದರು. ನನಗೆ ತಿಳಿದಷ್ಟರಲ್ಲಿ, ಮಾಡಿದ ತಪ್ಪು ಬೇರೆ, ತಿಳಿಯದೆ ಆದ ಕೇಡು ಬೇರೆ ಎಂಬಲ್ಲಿಗೆ ಅವರು ಬರುತ್ತಿದ್ದರು. ಮರುದಿನ ನನಗೆ ತರಗತಿಯಿತ್ತು. ಅಪ್ಪ ತಾವೂ ಒಂದು ಟಿಕೀಟು ತೆಗೆಸಿ ವಾಡಿಯ ತನಕ ನನ್ನ ಜೊತೆ ರೈಲಿನಲ್ಲಿ ಬಂದರು, ಮಾತು ಮುಗಿದಿರಲಿಲ್ಲವೆಂದು. ವಾಡಿಯಲ್ಲಿ ಸೇಡಂ ಗಾಡಿ ಹತ್ತಿದ ಮೇಲೂ ಕಿಟಕಿಯ ಸರಳು ಹಿಡಿದು ಹೇಳುತ್ತಲೇ ಇದ್ದರು. ಗಾಡಿ ಅಲುಗಿತು. “ಉಳದಿದ್ದು ದೀಪಾವಳಿ ರಜೆದಾಗ ಹೇಳ್ರಿ ಅಪ್ಪಾ, ಬರಕೋತೀನಿ” ಎಂದೆ. ದೀಪಾವಳಿಗೆ ಮೊದಲೇ ಅವರಿಗೆ ಲಕ್ವಾ ಹೊಡೆಯಿತು. ಎರಡು ವರ್ಷ ಇದ್ದರು. ಯಾವ ಭಾಷೆಯ ಮಾತೂ ತಿರುಗಿ ಬರಲಿಲ್ಲ. ಅತ್ತಿ ಅವರಿಗಿಂತ ಮೊದಲೇ ಹೋಗಿದ್ದಳು.

ಅಪ್ಪ ತೀರಿಕೊಂಡ ಮೇಲಿನ ದಿನಗಳು ಮುಗಿದು ಕಾಲೇಜಿಗೆ ಮರಳಿದ ವಾರ, ನಾನು ಮೊದಲ ಬಾರಿಗೆ ನೋಟ್ಸ್ ಇಲ್ಲದೆ ತರಗತಿಗೆ ಹೋದೆ. ಹೆಸರು ಹೇಳದೆ ಒಬ್ಬ ಹೆಂಗಸಿನ ಕಥೆ ಹೇಳಿದೆ. ಮೋಡವಿಲ್ಲದ ಬೆಳಗು, ಗಂಡ ಕೇಳಿದ್ದು, ಅವಳು ಹೋಗಿ ಎಂದದ್ದು, ಕೆರೆ ಒಡೆದದ್ದು. ಅವಳು ತಪ್ಪು ಮಾಡಿದಳೇ, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದೆ. ನಲವತ್ತು ಮಕ್ಕಳು ನೋಟುಬುಕ್ಕು ತೆರೆದು ಕೂತಿದ್ದರು. ಮತ್ತೆ ಕೇಳಿದೆ. ಕೊನೆಗೆ ಮುಂದಿನ ಬೆಂಚಿನಲ್ಲಿದ್ದ ಕುರಕುಂಟಾ ಊರಿನ ಹುಡುಗಿಯೊಬ್ಬಳು ಎದ್ದು ನಿಂತಳು. ಜಾಣ ಹುಡುಗಿ, ನನ್ನ ನೋಟ್ಸನ್ನು ಒಂದು ಅಕ್ಷರ ತಪ್ಪದೆ ಬರೆಯುವವಳು.

“ಮೇಡಂ, ತಪ್ಪು ಅಂತ ಬರೀಬೇಕ್ರಿ, ತಪ್ಪಲ್ಲ ಅಂತ ಬರೀಬೇಕ್ರಿ?”

ಇಡೀ ತರಗತಿ ಪೆನ್ನು ಹಿಡಿದು ನನ್ನನ್ನು ನೋಡುತ್ತಿತ್ತು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಕಾಯಬಹುದಾಗಿತ್ತು. ನಾನು, ತಪ್ಪಲ್ಲ ಎಂದು ಬರೆಸಿದೆ.